ಚೌಕಶಿಗೆ ಬಂದ ಇಬ್ಬರು

ನನ್ನ ಗಂಡ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ ಆಗಿತ್ತು: ಪುಣೆಯಲ್ಲಿ ಕೇಂದ್ರ ಸರಕಾರದ ನೌಕರಿ, ಮಷೀನು ರಿಪೇರಿ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಒತ್ತಾಯ ಮಾಡಿ ಕೇಳಿದಾಗ, ಒಂದು ಕಡೆಯವರು ಆಡಿದ್ದು ಇನ್ನೊಂದು ಕಡೆಯವರಿಗೆ ಮಾತ್ರ ಕೇಳಿಸುವಂಥ ಡಬ್ಬಿಗಳು ಎಂದು ನಕ್ಕು ಹೇಳಿದ್ದರು. ಆಮೇಲೆ ನಾನು ಕೇಳಲಿಲ್ಲ. ಅವರು ಕೂರುವ ಖೋಲಿಗೆ ಹೋಗುವ ಮುಂಚೆ ಫೋನನ್ನು ಹೊರಗೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು ಎಂಬುದಷ್ಟು ಗೊತ್ತಿತ್ತು. ಆ ಖೋಲಿಯೊಳಗೆ ಕಾಲಿಡಲು ಬೇರೆಯೇ ಒಂದು ಅನುಮತಿ ಬೇಕು, ಅದಕ್ಕೆ ಕ್ಲಿಯರೆನ್ಸ್ ಅನ್ನುತ್ತಾರೆ, ಕೆಲವು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಕೊಡುತ್ತಾರೆ, ಕೊಡುವ ಮುಂಚೆ ಮನೆಯ ಕಡೆ ಚೌಕಶಿಗೆ, ಅಂದರೆ ವಿಚಾರಣೆಗೆ, ಯಾರಾದರೂ ಬರುತ್ತಾರೆ ಎಂಬುದೂ ಗೊತ್ತಿತ್ತು.

ನಾನು ಸೊಲ್ಲಾಪುರದಲ್ಲಿ ತವರುಮನೆಯಲ್ಲೇ ಇದ್ದೆ. ಅಪ್ಪನಿಗೆ ನಾನೊಬ್ಬಳೇ ಮಗಳು. ನಮ್ಮದು ಚಾದರ, ಟಾವೆಲ್ಲಿನ ಅಂಗಡಿ. ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಕಾರ್ಖಾನೆಗಳಿಂದ ಟೆಂಪೋದಲ್ಲಿ ಮಾಲು ಬರುತ್ತದೆ, ನಾವು ಊರೂರಿನ ಅಂಗಡಿಗಳಿಗೆ ಕಳಿಸುತ್ತೇವೆ. ಅಪ್ಪನಿಗೆ ಬಿಪಿ ಹೆಚ್ಚಾದ ಮೇಲೆ ಗಾದಿಯ ಮೇಲೆ ನಾನೇ ಕೂರತೊಡಗಿದೆ. ಮಗಳ ಶಾಲೆಯೂ ಅಲ್ಲೇ. ಗಂಡ ವಾರದ ಕೊನೆಗೆ ರೈಲಿನಲ್ಲಿ ಬರುತ್ತಿದ್ದರು. ಅವರ ಮನೆತನದ ಹೊಲ ಇರುವುದು ಅಕ್ಕಲಕೋಟ ತಾಲೂಕಿನ ಚಪಳಗಾಂವದಲ್ಲಿ. ಮಾವ ಅಲ್ಲಿ ತೊಗರಿ, ಜೋಳ, ಆಡು ಎಂದು ದೊಡ್ಡ ಒಕ್ಕಲುತನವನ್ನು ಇವತ್ತಿಗೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ.

ಆ ವರ್ಷ ಕ್ಲಿಯರೆನ್ಸಿನ ಚೌಕಶಿ ಬರುವುದಿದೆ ಎಂದು ಗಂಡ ಮೊದಲೇ ಹೇಳಿದ್ದರು. ಹಿಂದಿನ ಸಲ ಒಬ್ಬ ಸಣಕಲು ಪೊಲೀಸಿನವರು ಬಂದು, ನೆರೆಯವರನ್ನು ನಾಲ್ಕು ಮಾತು ಕೇಳಿ, ಚಹಾ ಕುಡಿದು ಹೋಗಿದ್ದರು. ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಈ ಸಲ ಮಾತ್ರ ಆ ವಿಷಯ ಹೇಳುವಾಗ ಗಂಡನ ಮುಖ ಬೇರೆ ಕಡೆ ತಿರುಗಿತ್ತು. ಅದು ನನಗೆ ಆಮೇಲೆ ನೆನಪಾಯಿತು.

ಒಂದು ಶುಕ್ರವಾರ ಮಧ್ಯಾಹ್ನ, ಅಪ್ಪ ಊಟಕ್ಕೆ ಮನೆಗೆ ಹೋಗಿದ್ದಾಗ, ಒಬ್ಬ ಮನುಷ್ಯ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಟಾಗಿ ಬಾಚಿದ ಕೂದಲು, ಬಗಲಲ್ಲಿ ತೆಳ್ಳಗಿನ ಚರ್ಮದ ಚೀಲ. ಮರಾಠಿಯಲ್ಲಿ ಚಾದರ ತೋರಿಸಿರಿ ಎಂದ. ನಾನು ತೆಗೆದು ಹಾಸುತ್ತಿದ್ದಾಗ ಮಗಳ ಶಾಲೆಯಿಂದ ರಿಕ್ಷಾದವರ ಫೋನು ಬಂತು, ಅವರ ಜೊತೆ ಕನ್ನಡದಲ್ಲಿ ಮಾತಾಡಿದೆ. ಫೋನು ಇಟ್ಟ ಕೂಡಲೆ ಅವನೂ ಕನ್ನಡಕ್ಕೆ ತಿರುಗಿದ. ನಮ್ಮ ಕಡೆಯದೇ ಕನ್ನಡ, ಆದರೆ ಎಲ್ಲೋ ಒಂದು ಕಡೆ ಕಲಿತುಕೊಂಡು ಬಂದದ್ದರ ಹಾಗಿತ್ತು. ನಮ್ಮ ಪೇಟೆಯಲ್ಲಿ ಗಿರಾಕಿಗಳ ಜೊತೆ ಕನ್ನಡ ಆಡಲು ಸಿಗುವುದು ಅಪರೂಪ. ನನಗೆ ಖುಷಿಯೇ ಆಯಿತು. ಚಹಾ ತರಿಸಿದೆ.

ಚಹಾ ಕುಡಿಯುತ್ತಾ ಅವನು ನನ್ನ ಗಂಡನ ಮಾತೆತ್ತಿದ. ಪುಣೆಯಲ್ಲಿ ಇರುತ್ತಾರಲ್ಲವೇ, ಈಗ ಯಾವ ದಿನ ಊರಿಗೆ ಬರುತ್ತಾರೆ ಎಂದು ಕೇಳಿದ. ಆಗ ನನಗೆ ಹೊಳೆದದ್ದು ಚೌಕಶಿ.

"ನೀವು ಚೌಕಶಿಗೆ ಬಂದೀರೇನ್ರಿ?" ಎಂದೆ.

ಅವನು ನಕ್ಕ. "ಹಂಗ ಅನಕೋರಿ."

ತಾನು ಸರಕಾರದವನು ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಆ ಮಾತನ್ನು ಅವನ ಕೈಗೆ ಕೊಟ್ಟವಳು ನಾನೇ. ಆಮೇಲೆ ಎಷ್ಟು ಜನರ ಮುಂದೆ ಎಷ್ಟು ಸಲ ಈ ಸಂಭಾಷಣೆಯನ್ನು ಹೇಳಬೇಕಾಯಿತೆಂದರೆ ಈಗಲೂ ಅದರ ಒಂದು ಶಬ್ದ ಆಚೀಚೆ ಆಗುವುದಿಲ್ಲ.

ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಅವರು ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಇತ್ತೀಚೆಗೆ ಊಟ ಕಡಿಮೆಯಾಗಿದೆ, ಫೋನು ನೋಡುವುದು ಹೆಚ್ಚಾಗಿದೆ, ಕೇಳಿದರೆ ಆಫೀಸಿನ ಒತ್ತಡ ಅನ್ನುತ್ತಾರೆ. ಗಂಡನ ಮೇಲಿನ ಅಕ್ಕರೆಯಿಂದಲೇ ಇದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸುತ್ತಾ ಕೇಳಿದ. ಯಾವುದನ್ನೂ ಬರೆದುಕೊಳ್ಳಲಿಲ್ಲ.

"ಮತ್ತ ಆ ಸಾಲದ್ದು ಏನ್ ಮಾಡ್ಯಾರ್ರಿ?" ಎಂದ.

"ಯಾವ ಸಾಲರಿ?"

ಅವನು ಲೋಟ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ಡಾಕ್ಟರು ರೋಗ ಹೇಳುವ ದನಿಯಲ್ಲಿ ಒಂದೊಂದಾಗಿ ಹೇಳಿದ. ನನ್ನ ಗಂಡ ಫೋನಿನಲ್ಲಿ ಶೇರು ಬಜಾರಿನ ಏರಿಳಿತದ ಮೇಲೆ ಹಣ ಕಟ್ಟುತ್ತಿದ್ದರು. ಮೊದಮೊದಲು ಬಂದಿತ್ತು, ಆಮೇಲೆ ಹೋಗತೊಡಗಿತು. ಹೋದದ್ದನ್ನು ತರಲು ಬ್ಯಾಂಕಿನ ಸಾಲ, ಅದರ ಕಂತು ಕಟ್ಟಲು ಕಾರ್ಡು, ಕಾರ್ಡಿಗೆ ಕಟ್ಟಲು ಫೋನಿನೊಳಗೇ ಸಾಲ ಕೊಡುವವರು. ಈಗ ಮೂರೂ ಕಡೆ ಕಂತು ನಿಂತಿದೆ.

ಗಾದಿಯ ಮೇಲೆ ಹಾಸಿದ್ದ ಚಾದರದ ಅಂಚನ್ನು ನಾನು ಹಿಡಿದುಕೊಂಡಿದ್ದೆ. ಸುಳ್ಳು ಅನ್ನಬೇಕೆಂದುಕೊಂಡೆ. ಆದರೆ ಆ ಫೋನು ನೋಡುವ ಮುಖ, ಮುಟ್ಟದೆ ಬಿಟ್ಟ ಊಟದ ತಾಟು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಅವನ ಮಾತಿಗೆ ಸಾಕ್ಷಿ ಹೇಳಿದವು.

ಅವನು ಮುಂದುವರಿಸಿದ. "ಇಂಥಾ ಸಾಲ ಇದ್ದವರನ್ನ ಆ ಖೋಲಿಯೊಳಗ ಕೂಡಸೂದಿಲ್ರಿ. ರಿಪೋರ್ಟ್ ಹೋತಂದ್ರ ಪಾಸ್ ಕಸಗೋತಾರ. ಆದ್ರ ರಿಪೋರ್ಟ್ ಹೋಗೂಕಿಂತ ಮದ್ಲ ಸಾಲ ಇಲ್ಲದಂಗ ಮಾಡಬಹುದು."

"ಹೆಂಗ್ರಿ?"

"ಅವರು ನನ್ನ ಫೋನ್ ಎತ್ತಬೇಕು. ಇಷ್ಟ. ನೀವು ಹೇಳ್ರಿ, ನಿಮ್ಮ ಮಾತ ಕೇಳ್ತಾರ."

ಆಗ ನನಗೆ ಅನುಮಾನ ಬಂತು. ಸರಕಾರದವರಿಗೆ ನನ್ನ ಗಂಡ ಬೇಕಾದರೆ ಕರೆಸಿಕೊಳ್ಳುತ್ತಾರೆ, ಹೆಂಡತಿಯ ಕೈಯಿಂದ ಫೋನು ಎತ್ತಿಸುವುದಿಲ್ಲ. ನಾನು ಏಳುವಷ್ಟರಲ್ಲಿ ಅವನೇ ಎದ್ದ. ನೂರು ಚಾದರ ಬೇಕು, ಇದು ಅಡ್ವಾನ್ಸ್ ಇರಲಿ ಎಂದು ಒಂದು ದಪ್ಪ ಲಕೋಟೆಯನ್ನು ಗಾದಿಯ ಮೇಲಿಟ್ಟ. ಬೇಡ ಅನ್ನುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತು ತಿರುಗಿ ನೋಡಿದ.

"ಮಗಳು ರಿಕ್ಷಾದಾಗ ಹೋಗಿ ಬರ್ತಾಳ ಅಲ್ರಿ? ಚಲೋ ಆತು. ಈಗ ಟ್ರಾಫಿಕ್ ಭಾಳ ಆಗೇದ."

ನಾನು ಹೊರಗೆ ಬಂದು ನೋಡುವಷ್ಟರಲ್ಲಿ ಪೇಟೆಯ ಗದ್ದಲದಲ್ಲಿ ಅವನು ಕಾಣಲಿಲ್ಲ.

ಅಂಗಡಿಯ ಷಟರ್ ಅರ್ಧ ಎಳೆದು ಮಗಳ ಶಾಲೆಗೆ ಓಡಿದೆ. ಅವಳು ಗೆಳತಿಯರ ಜೊತೆ ಗೇಟಿನಲ್ಲಿ ಪೇರಲಹಣ್ಣು ತಿನ್ನುತ್ತಾ ನಿಂತಿದ್ದಳು, ನನ್ನನ್ನು ನೋಡಿ ನಾಚಿಕೆಪಟ್ಟಳು. ಕೈ ಹಿಡಿದುಕೊಂಡು ಬಂದೆ. ಕೈ ಬಿಡು ಅವ್ವಾ ಎಂದರೂ ಬಿಡಲಿಲ್ಲ. ಅಂಗಡಿಗೆ ಬಂದು, ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟುಕೊಂಡು ಆ ಲಕೋಟೆಯನ್ನೆತ್ತಿ ತಿಜೋರಿಯಲ್ಲಿಟ್ಟೆ. ಟಿವಿ ಧಾರಾವಾಹಿಯಲ್ಲಿ ಹಾಗೆ ಮಾಡುವುದನ್ನು ನೋಡಿದ್ದೆ. ತೆರೆದು ನೋಡಲಿಲ್ಲ. ನೋಡಿದರೆ ಅದು ನನ್ನದಾಗಿಬಿಡುತ್ತದೆ ಅನ್ನಿಸಿತು.

ಗಂಡನಿಗೆ ಫೋನು ಮಾಡಲು ಧೈರ್ಯವಾಗಲಿಲ್ಲ. ನಮ್ಮ ಮನೆಯ ಇಷ್ಟೆಲ್ಲ ವಿಷಯ ಗೊತ್ತಿದ್ದವನಿಗೆ ನನ್ನ ಫೋನು ಕೇಳಿಸಿಕೊಳ್ಳುವುದು ಕಷ್ಟವೇ ಎಂದುಕೊಂಡೆ. ಅಪ್ಪನಿಗೂ ಹೇಳಲಿಲ್ಲ. ಮರುದಿನ ಗಂಡ ಪುಣೆಯಿಂದ ನೇರ ಚಪಳಗಾಂವಕ್ಕೆ ಬರುವವರಿದ್ದರು, ಹೊಲದ ಮೋಜಣಿಗೆ ಸರಕಾರಿ ಸರ್ವೆಯವರು ಬರುವುದಿತ್ತು. ನಾನು ಹೋಗುವ ಮಾತು ಇರಲಿಲ್ಲ. ಮಗಳನ್ನು ಅಪ್ಪನ ಹತ್ತಿರ ಬಿಟ್ಟು, ಹೊರಗೆ ಹೋಗಬಾರದೆಂದು ಆಣೆ ಹಾಕಿಸಿ ಬಸ್ಸು ಹತ್ತಿದೆ.

ಆ ಬಸ್ಸಿನ ಪ್ರಯಾಣವನ್ನು ಮರೆಯುವ ಹಾಗಿಲ್ಲ. ನನ್ನ ಹಿಂದಿನ ಸೀಟಿನಲ್ಲಿ ಒಬ್ಬರು ಕೂತಿದ್ದರು, ಅವರ ಉಸಿರು ಕೇಳುತ್ತಿತ್ತು. ಹೊರಳಿ ನೋಡಲು ಭಯ, ನೋಡದೆ ಕೂರಲು ಇನ್ನಷ್ಟು ಭಯ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಇಳಿದಾಗ ನೋಡಿದರೆ ಯಾರೋ ಮುದುಕರು, ಮಠದ ದರ್ಶನಕ್ಕೆ ಬಂದವರು, ತೆಂಗಿನಕಾಯಿಯ ಚೀಲ ಹಿಡಿದು ದಾರಿ ಕೇಳಿದರು. ಕೈ ಮಾಡಿ ದಾರಿ ತೋರಿಸಿದೆ. ಅಲ್ಲಿಂದ ಟಮಟಮ್ ರಿಕ್ಷಾ ಹಿಡಿದು ಊರಿಗೆ ಹೋದೆ.

ಹೊಲದಲ್ಲಿ ಸರ್ವೆಯವರು ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡಿದ್ದರು. ಮಾವ ತಲೆಗೆ ಪಟಕಾ ಸುತ್ತಿಕೊಂಡು ಬದುವಿನ ಕಲ್ಲು ತೋರಿಸುತ್ತಿದ್ದರು. ದೂರದಿಂದಲೇ ನನ್ನನ್ನು ಕಂಡ ಗಂಡ ಎದುರಿಗೆ ಬಂದರು. ಯಾಕೆ ಬಂದೆ ಎಂದು ಕೇಳಲಿಲ್ಲ. ತಮ್ಮ ಫೋನನ್ನು ಜೇಬಿನಿಂದ ತೆಗೆದು ಅಲ್ಲೇ ಹೊರಸಿನ ಮೇಲಿಟ್ಟು, ನನ್ನದನ್ನೂ ಇಸಿದುಕೊಂಡು ಅದರ ಪಕ್ಕಕ್ಕಿಟ್ಟು, ಬಾವಿಯ ಆಚೆಯ ಬೇವಿನ ಗಿಡದ ಕಡೆಗೆ ನಡೆದರು. ನಾನು ಇನ್ನೂ ಒಂದು ಮಾತೂ ಆಡಿರಲಿಲ್ಲ. ಅವರು ಹಾಗೆ ಫೋನು ಇಟ್ಟದ್ದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಅಂಗಡಿಯಲ್ಲಿ ನಡೆದದ್ದು ಹೇಳಿದೆ. ಅವರು ನೆಲದ ಮೇಲೆ ಕೂತುಬಿಟ್ಟರು. ಆಮೇಲೆ, ಕೇಳದಿದ್ದರೂ, ಎಲ್ಲ ಹೇಳಿದರು. ಸಾಲದ ವಿಷಯ ಅವನು ಹೇಳಿದ ಹಾಗೆಯೇ ಇತ್ತು. ಆ ಮನುಷ್ಯ ಸಿಕ್ಕದ್ದು ಶೇರಿನ ಟಿಪ್ಸು ಕೊಡುವ ಒಂದು ಫೋನಿನ ಗುಂಪಿನಲ್ಲಿ. ಮೊದಲು ಲಾಭವಾಗುವ ಸಲಹೆ ಕೊಟ್ಟ, ನಷ್ಟವಾದಾಗ ಸಮಾಧಾನ ಹೇಳಿದ, ಒಂದು ಕಂತನ್ನು ತಾನೇ ಕಟ್ಟುತ್ತೇನೆಂದ. ಅದನ್ನು ತಾವು ಬೇಡವೆಂದದ್ದಾಗಿ ಹೇಳಿದರು. ಆಮೇಲೆ ಒಂದು ದಿನ, ಈಗ ಯಾವ ನಮೂನೆಯ ಸೆಟ್ಟುಗಳು, ಅಂದರೆ ಆ ಡಬ್ಬಿಗಳು, ರಿಪೇರಿಗೆ ಬರುತ್ತವೆ ಎಂದು ಸುಮ್ಮನೆ ಕೇಳುವವರ ಹಾಗೆ ಕೇಳಿದ್ದ. ತಮ್ಮ ಕೆಲಸ ಇಂಥದ್ದೆಂದು ಅವನಿಗೆ ಇವರು ಹೇಳಿಯೇ ಇರಲಿಲ್ಲ. ಆವತ್ತೇ ಅವನ ನಂಬರನ್ನು ಬ್ಲಾಕ್ ಮಾಡಿದರು. ಹೊಸ ನಂಬರಿನಿಂದ ಬಂದ, ಅದನ್ನೂ ಬ್ಲಾಕ್ ಮಾಡಿದರು. ಈಗ ಅಂಗಡಿಗೆ ಬಂದಿದ್ದಾನೆ.

ನಾನು ಕೇಳಬೇಕಾದದ್ದು ಒಂದೇ ಉಳಿದಿತ್ತು. ಕೊನೆಗೆ ಕೇಳಿದೆ.

"ಅವಂಗ ಏನರ ಹೇಳೀರೇನು?"

"ಇಲ್ಲ."

"ಏನೂ?"

ಅವರು ಒಂದು ಹುಲ್ಲುಕಡ್ಡಿ ಕಿತ್ತು ತುಂಡು ತುಂಡು ಮಾಡಿದರು. "ಯಾವ ಊರಾಗ ಇರ್ತೀರಿ ಅಂತ ಕೇಳಿದ್ದ, ಮದ್ಲ. ಪುಣೆ ಅಂದಿದ್ದೆ. ಅಷ್ಟ. ಮಗಳ ಆಣಿ."

ನಂಬಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು. ಆದರೆ ಸಾಲದ ವಿಷಯವನ್ನು ಇಷ್ಟು ತಿಂಗಳು ನನ್ನಿಂದ ಮುಚ್ಚಿಟ್ಟದ್ದೂ ಇದೇ ಬಾಯಿ. ಹಗಲು ಹೊತ್ತು, ಬಿಸಿಲು, ಆಡುಗಳು ಬೇವಿನ ಕೆಳಗೆ ಮೆಲುಕು ಹಾಕುತ್ತಿದ್ದವು. ನನಗೆ ಮಾತ್ರ ಕತ್ತಲ ಖೋಲಿಯಲ್ಲಿ ಅಪರಿಚಿತನ ಎದುರು ಕೂತ ಹಾಗಿತ್ತು.

ಸರ್ವೆಯವರು ಹೋದ ಮೇಲೆ ಗಂಡ ತಾವಾಗಿ ಮಾವನಿಗೆ ಹೇಳಿದರು. ಮಾವ ಸಿಟ್ಟಾಗಲಿಲ್ಲ. ಅಕ್ಕಲಕೋಟದಲ್ಲಿ ಒಂದು ಪ್ಲಾಟು ಇದೆ, ಅದನ್ನು ಮಾರಿ ಎಲ್ಲರ ಬಾಯಿಗೂ ಹಾಕು, ಮುಗಿಯಿತು ಎಂದರು. ಸರಕಾರಕ್ಕೆ ಯಾಕೆ ಹೇಳಬೇಕು, ಕರ್ಜ ತೀರಿದ ಮೇಲೆ ಯಾರು ಕೇಳುತ್ತಾರೆ ಎಂಬುದು ಅವರ ವಾದ. ಗಂಡನಿಗೂ ಅದೇ ಬೇಕಾಗಿತ್ತು ಅನ್ನುವುದು ಅವರ ಕಣ್ಣಿನಲ್ಲಿ ಕಂಡಿತು. ಹೇಳಿದರೆ ನೌಕರಿ ಹೋಗಬಹುದು, ಜೈಲೂ ಆಗಬಹುದು ಎಂದು ನೆಲ ನೋಡುತ್ತಾ ಹೇಳಿದರು.

ಮಾವನ ಮುಂದೆ ನಾನು ಎಂದೂ ಎದುರು ಮಾತಾಡಿದವಳಲ್ಲ. ಆವತ್ತು ಆಡಿದೆ. "ಸಾಲ ಕೊಟ್ರ ಸಾಲ ತೀರ್ತದರಿ. ಅಂವ ನಮ್ಮ ಅಂಗಡಿಗೆ ಬಂದದ್ದು ತೀರೂದಿಲ್ಲ. ಅವನ ರೊಕ್ಕ ನಮ್ಮ ತಿಜೋರ್ಯಾಗ ಅದ. ನಾಳೆ ಅದನ್ನ ಹಿಡಕೊಂಡು ಅಂವ ಏನ್ ಕೇಳ್ತಾನ, ಯಾರಿಗೆ ಗೊತ್ತು?"

ಮಾವ ಪಟಕಾ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಭಾನುವಾರ ಪುಣೆಗೆ ಹೊರಡುವಾಗ ಗಂಡ, ಸೋಮವಾರ ಬೆಳಗ್ಗೆ ಮೊದಲು ಭದ್ರತಾ ಅಧಿಕಾರಿಯ ಹತ್ತಿರ ಹೋಗುತ್ತೇನೆ, ಹೇಳಿದ ಮೇಲೆ ನಿನಗೆ ಮೆಸೇಜು ಮಾಡುತ್ತೇನೆ ಎಂದರು.

ಸೋಮವಾರ ಅಂಗಡಿ ತೆರೆದು ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ಮೆಸೇಜು ಬರಲಿಲ್ಲ. ಬಂದದ್ದು ಎರಡನೆಯ ಮನುಷ್ಯ.

ಈತ ದಪ್ಪನೆಯ ಆಳು, ಕೈಯಲ್ಲಿ ಹೆಲ್ಮೆಟ್ಟು, ಬೆವರಿನಿಂದ ಬೆನ್ನಿಗಂಟಿದ ಅಂಗಿ. ಮರಾಠಿಯಲ್ಲಿ, ತಾನು ಪೊಲೀಸ್ ಇಲಾಖೆಯವನು, ನಿಮ್ಮ ಯಜಮಾನರ ಚೌಕಶಿಗೆ ಬಂದಿದ್ದೇನೆ ಎಂದು ಹೇಳಿ ಗಾದಿಯ ಅಂಚಿಗೆ ಕೂತ. ಕಿಸೆಯಿಂದ ಪೆನ್ನು ತೆಗೆದು ಕೇಳಿದ ಮೊದಲ ಮಾತು, ಅವರು ಯಾವ ದಿನ ಊರಿಗೆ ಬರುತ್ತಾರೆ ಎಂಬುದು.

ಮೊದಲಿನವನು ಕೇಳಿದ್ದೂ ಅದನ್ನೇ. ಗುರುತಿನ ಚೀಟಿ ಕೇಳಿದೆ. ತೋರಿಸಿದ. ಫೋಟೋ ಅವನದೇ, ಮುದ್ರೆ ಇತ್ತು. ಆದರೆ ಅದು ಖರೆಯೋ ಖೊಟ್ಟಿಯೋ ತಿಳಿಯಲು ನನಗೇನು ಗೊತ್ತು? ಇವನು ಮೊದಲಿನವನ ಕಡೆಯವನೇ ಆಗಿದ್ದರೆ? ನಾನು ನಿಮ್ಮ ಕಚೇರಿಗೇ ಬರುತ್ತೇನೆ, ಅಲ್ಲಿ ಕೇಳಿರಿ ಎಂದೆ. ಅವನಿಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ನನ್ನ ಮುಖ ನೋಡಿ, ಸರಿ ನಡೆಯಿರಿ ಎಂದು ಎದ್ದ. ತಿಜೋರಿಯಿಂದ ಲಕೋಟೆಯನ್ನು ಅದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಪಕ್ಕದ ಬಳೆ ಅಂಗಡಿಯವಳನ್ನು ಜೊತೆಗೆ ಕರೆದುಕೊಂಡು ರಿಕ್ಷಾದಲ್ಲಿ ಹೋದೆ. ಅವಳಿಗೆ ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ, ನನ್ನ ಕೈ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಕಚೇರಿಯ ಗೇಟಿನಲ್ಲಿ ನಿಂತಿದ್ದ ಪೊಲೀಸಿನವರು ಆತನಿಗೆ ಸಲಾಮು ಹೊಡೆದರು. ಈತ ಖರೆ ಎಂದು ಗೊತ್ತಾದ ಕೂಡಲೇ ನನ್ನ ಅಂಜಿಕೆ ಕಡಿಮೆಯಾಗಬೇಕಿತ್ತು. ಅದು ಬೇರೆ ಕಡೆಗೆ ತಿರುಗಿ ಇನ್ನೂ ದೊಡ್ಡದಾಯಿತು. ಫೋನಿನಲ್ಲಿ ಇನ್ನೂ ಏನೂ ಇರಲಿಲ್ಲ. ಗಂಡ ಹೇಳುವ ಮುಂಚೆ ನಾನು ಹೇಳಿದರೆ ಅವರು ಮುಚ್ಚಿಟ್ಟ ಹಾಗಾಗುತ್ತದೆ. ಹೇಳದಿದ್ದರೆ ಪೊಲೀಸರ ಮುಂದೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಅವರು ಹೇಳುವವರೇ ಅಲ್ಲದಿದ್ದರೆ? ಮನಸ್ಸು ಬದಲಿಸಿ ಮಾವನ ಮಾತಿನ ಹಾಗೆ ಸುಮ್ಮನಾಗಿದ್ದರೆ?

ಚೌಕಶಿಯವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಒಂದೊಂದೇ ಕೇಳಿದರು. ಕುಡಿತ, ಜಗಳ, ಪರದೇಶದ ಸಂಬಂಧ. ಎಲ್ಲದಕ್ಕೂ ಇಲ್ಲ ಇಲ್ಲ ಎಂದೆ. ಆಮೇಲೆ, ನಿಮಗೆ ತಿಳಿದ ಮಟ್ಟಿಗೆ ಅವರಿಗೆ ಸಾಲವೇನಾದರೂ ಇದೆಯೇ ಎಂದರು.

ನೀರು ಕೊಡಿರಿ ಎಂದೆ. ಕೊಟ್ಟರು. ಎಷ್ಟು ನಿಧಾನ ಕುಡಿಯಬಹುದೋ ಅಷ್ಟು ನಿಧಾನ ಕುಡಿದೆ. ಅವರ ಕಣ್ಣು ನನ್ನ ಮೇಲೇ ಇತ್ತು. ಇನ್ನೇನು ಲೋಟ ಕೆಳಗಿಡಬೇಕು, ಫೋನು ನಡುಗಿತು. ಗಂಡನದು. ಒಂದೇ ಶಬ್ದ: "ಹೇಳೀನಿ."

ಅಲ್ಲೇ ಅಳು ಬಂತು. ಬಳೆ ಅಂಗಡಿಯವಳು ಗಾಬರಿಯಾದಳು. ನಾನು ಕಣ್ಣೊರೆಸಿಕೊಂಡು, ಸಾಲ ಇದೆ, ಅದಕ್ಕಿಂತ ದೊಡ್ಡದೂ ಒಂದಿದೆ ಎಂದು ಹೇಳಿ ಮೊದಲಿನವನ ಕಥೆ ಶುರುಮಾಡಿದೆ. ಸ್ವಲ್ಪ ಹೇಳುವಷ್ಟರಲ್ಲಿ ಚೌಕಶಿಯವರು ಬರೆಯುವುದನ್ನು ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ಮೇಲಿನವರಿಗೆ ಫೋನು ಹಚ್ಚಿದರು. ಲಕೋಟೆಯನ್ನು ಅವರೂ ಬರಿಗೈಯಿಂದ ಮುಟ್ಟಲಿಲ್ಲ.

ಆಮೇಲಿನ ತಿಂಗಳುಗಳು ಹೇಗೆ ಕಳೆದವು ಎಂದರೆ, ಕಳೆದವು ಅಷ್ಟೇ. ಅದೇ ಮಧ್ಯಾಹ್ನ ಆಫೀಸಿನವರು ಗಂಡನ ಪಾಸು ತೆಗೆದುಕೊಂಡರು, ಫೋನೂ ತೆಗೆದುಕೊಂಡರು. ದಿನವೂ ಕರೆದು ಕೂರಿಸಿ ಅದೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿದರು. ಕೆಲಸಕ್ಕೆ ಎಂದು ಅವರನ್ನು ಕುರ್ಚಿ, ಕಪಾಟು ಇಡುವ ಗೋದಾಮಿಗೆ ಹಾಕಿದರು. ತನಿಖೆಯವರು ಅಂಗಡಿಗೂ ಬಂದರು. ಎದುರಿನ ಅಂಗಡಿಯ ಕ್ಯಾಮೆರಾದ ಚಿತ್ರ ಒಯ್ದರು, ನನ್ನನ್ನು ಆ ಗಾದಿಯ ಮೇಲೇ ಕೂರಿಸಿ ಅವನು ಎಲ್ಲಿ ಕೂತ, ಯಾವ ಕೈಯಲ್ಲಿ ಲಕೋಟೆ ಕೊಟ್ಟ ಎಂದು ಮಾಡಿ ತೋರಿಸಲು ಹೇಳಿದರು. ಅಪ್ಪನಿಗೆ ಹೇಳದೆ ಗತಿಯಿರಲಿಲ್ಲ. ಎಲ್ಲ ಕೇಳಿಸಿಕೊಂಡ ಅಪ್ಪ, "ಅವಗ ಚಾ ಕೊಟ್ಟಿದ್ದೇನು?" ಎಂದರು. ಕೊಟ್ಟಿದ್ದೆ ಎಂದೆ.

ಪುಣೆಯಿಂದ ಬಂದ ಒಬ್ಬ ಹಿರಿಯ ಅಧಿಕಾರಿ ಮಾತ್ರ ನನ್ನ ಜೊತೆ ಹಿಂದಿಯಲ್ಲಿ ಸಮಾಧಾನದಿಂದ ಮಾತಾಡಿದರು. ಸಾಲ ಮಾಡಿದ್ದಕ್ಕೆ ನನ್ನ ಗಂಡ ಕಳ್ಳರಾದರೇ ಎಂದು ನಾನೇ ಕೇಳಿದ್ದೆ. ಸಾಲ ಯಾರಿಗಿಲ್ಲ, ಮನೆಗೆ, ಮಗಳ ಓದಿಗೆ, ದವಾಖಾನೆಗೆ ನಾವೂ ಮಾಡಿದ್ದೇವೆ ಎಂದರು. ತಾವು ನೋಡುವುದು ಬೇರೆ: ಸಾಲ ಯಾತಕ್ಕೆ ಆಯಿತು, ಕೈ ಮೀರಿದ ಮೇಲೆ ನಿಲ್ಲಿಸಿದರೋ ಮತ್ತೆ ಮಾಡಿದರೋ, ತೀರಿಸಲು ನೋಡಿದರೋ, ಆಫೀಸಿಗೆ ತಾವಾಗಿ ಹೇಳಿದರೋ, ಮತ್ತು ಆ ಸಾಲದ ಕಾರಣಕ್ಕೆ ಅವರ ಮೇಲೆ ಬೇರೆ ಯಾರ ಹಿಡಿತವಾದರೂ ಕೂತಿದೆಯೋ. ಹೋದದ್ದನ್ನು ತರಲು ಮತ್ತೆ ಮತ್ತೆ ಕಟ್ಟುವವನ ಕೈಯಲ್ಲಿ ಬೀಗದ ಕೈ ಕೊಡಲು ಯಾರಿಗಾದರೂ ಅಂಜಿಕೆಯಾಗುತ್ತದೆ ಎಂದರು. ಮೊದಲನೆಯ ಕಂತು ತಪ್ಪಿದಾಗಲೇ ಬಂದು ಹೇಳಿದ್ದರೆ ಬಹಳ ಸುಲಭವಿತ್ತು, ಆದರೂ ಚೌಕಶಿಯವರು ಕಂಡುಹಿಡಿಯುವ ಮುಂಚೆ ಹೇಳಿದ್ದು ಅವರ ಪರವಾಗಿ ನಿಲ್ಲುತ್ತದೆ ಎಂದರು.

ಇದರ ನಡುವೆ ವಸೂಲಿಯವರ ಕಾಟ. ಫೋನಿನೊಳಗೆ ಸಾಲ ಕೊಟ್ಟವರು ಗಂಡನ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಮೊದಲೇ ಎತ್ತಿಕೊಂಡಿದ್ದರಂತೆ. ಕಂದಲಗಾಂವದಲ್ಲಿರುವ ನನ್ನ ದೊಡ್ಡಮ್ಮನ ಮಗನಿಗೆ ಗಂಡನ ಫೋಟೋದ ಮೇಲೆ ಚೋರ ಎಂದು ಬರೆದು ಕಳಿಸಿದ್ದರು. ಅವನು ಫೋನು ಮಾಡಿ, ಏನಕ್ಕಾ ಇದು ಎಂದ. ಅದೂ ಚೌಕಶಿಯವರ ಕಿವಿಗೆ ಬೀಳುತ್ತದೆ, ಇವರ ವಿರುದ್ಧ ಇನ್ನೊಂದು ಬರೆದುಕೊಳ್ಳುತ್ತಾರೆ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಕೊನೆಗೆ ಪೊಲೀಸಿನವರೇ ಆ ಕರೆಗಳನ್ನು ನಿಲ್ಲಿಸುವ ದಾರಿ ಹೇಳಿಕೊಟ್ಟರು. ಚೌಕಶಿಗೆ ಬಂದಿದ್ದ ಅದೇ ದಪ್ಪನೆಯವರು.

ಮಾವ ಅಕ್ಕಲಕೋಟದ ಪ್ಲಾಟು ಮಾರಿದರು. ನೋಂದಣಿಯ ದಿನ ನಾನೂ ಹೋಗಿದ್ದೆ. ಸಹಿ ಹಾಕಿ ಹೊರಗೆ ಬಂದು, ಸ್ಟ್ಯಾಂಡಿನ ಎದುರು ನಿಂತು ಒಂದು ಲೋಟ ಕಬ್ಬಿನ ಹಾಲು ಕುಡಿದರು, ನನಗೂ ಕುಡಿಸಿದರು, ಒಂದು ಕೆಟ್ಟ ಮಾತೂ ಆಡಲಿಲ್ಲ. ಫೋನಿನ ಸಾಲಗಳೂ ಕಾರ್ಡುಗಳೂ ಮುಗಿದವು. ಬ್ಯಾಂಕಿನವರು ಉಳಿದದ್ದಕ್ಕೆ ಸಣ್ಣ ಕಂತು ಮಾಡಿಕೊಟ್ಟರು, ಅದು ಈಗಲೂ ಸಂಬಳದಿಂದ ಹೋಗುತ್ತಿದೆ. ಗಂಡ ಆಗಾಗ ತಮ್ಮ ಲೆಕ್ಕವನ್ನು ಆಫೀಸಿಗೆ ತೋರಿಸಬೇಕು. ಶೇರಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಟಿವಿಯಲ್ಲಿ ಬಜಾರಿನ ಸುದ್ದಿ ಬಂದರೆ ಮಗಳೇ ರಿಮೋಟ್ ಒತ್ತುತ್ತಾಳೆ.

ತೀರ್ಮಾನ ಬರಲು ವರ್ಷದ ಮೇಲಾಯಿತು. ಆ ಖೋಲಿಗೆ ಇನ್ನು ಅವರು ಹೋಗುವ ಹಾಗಿಲ್ಲ. ನೌಕರಿ ಹೋಗಲಿಲ್ಲ, ಕೇಸೂ ಆಗಲಿಲ್ಲ. ಕೆಳಗಿನ ದರ್ಜೆಯ ಒಂದು ಕ್ಲಿಯರೆನ್ಸ್ ಕೊಟ್ಟು, ಹೊಸ ಹುಡುಗರಿಗೆ ಕಲಿಸಲು ಇಟ್ಟಿರುವ ಹಳೆಯ ಸೆಟ್ಟುಗಳನ್ನು ರಿಪೇರಿ ಮಾಡುವಲ್ಲಿಗೆ ಹಾಕಿದರು. ಬಡ್ತಿ ಇಲ್ಲ. ಈ ಸುದ್ದಿಯನ್ನು ಊಟಕ್ಕೆ ಕೂತಾಗ ಹೇಳಿ, ಅವರು ಬಹಳ ದಿನದ ಮೇಲೆ ಇನ್ನೊಂದು ರೊಟ್ಟಿ ಹಾಕು ಎಂದರು. ಅಪ್ಪ ತಮ್ಮ ತಾಟಿನದನ್ನೇ ಎತ್ತಿ ಕೊಟ್ಟರು.

ಅವನು ಸಿಕ್ಕನೋ ಇಲ್ಲವೋ ನನಗೆ ತಿಳಿಯದು. ಕೇಳಿದ್ದಕ್ಕೆ, ನೀವು ನಿಮ್ಮ ಕೆಲಸ ಮಾಡಿದ್ದೀರಿ ತಾಯಿ, ಇನ್ನು ಮರೆತುಬಿಡಿರಿ ಎಂದರು ಆ ಹಿರಿಯ ಅಧಿಕಾರಿ. ಅಷ್ಟು ಸುಲಭವಾಗಿ ಮರೆಯಲು ಬರುವುದಿಲ್ಲ. ಮಗಳನ್ನು ಶಾಲೆಗೆ ಈಗ ನಾನೇ ಸ್ಕೂಟಿಯ ಮೇಲೆ ಬಿಟ್ಟು ಬರುತ್ತೇನೆ, ಗೇಟಿನೊಳಗೆ ಹೋಗಿ ಅವಳ ಬೆನ್ನು ಮರೆಯಾಗುವ ತನಕ ಗಾಡಿ ತಿರುಗಿಸುವುದಿಲ್ಲ.

ಹೋದ ತಿಂಗಳು ಚಪಳಗಾಂವದಲ್ಲಿ ತೊಗರಿ ರಾಶಿಯ ದಿನ, ಗಂಡ ಒಬ್ಬರೇ ಸಿಕ್ಕಾಗ ಮತ್ತೆ ಕೇಳಿದೆ. ಪುಣೆ ಅಂದದ್ದು ಬಿಟ್ಟರೆ ಬೇರೆ ಏನನ್ನೂ ಹೇಳಿರಲಿಲ್ಲವಲ್ಲ ಎಂದೆ. ಅವರು ಬೇಸರಪಡಲಿಲ್ಲ. "ಇಲ್ಲ. ನೀ ಎಷ್ಟ ಸಲ ಕೇಳಿದ್ರೂ ಅದನ್ನ ಹೇಳ್ತೀನಿ," ಎಂದು ನನ್ನ ಮುಖ ನೋಡಿಯೇ ಹೇಳಿದರು. ಆವತ್ತು ನಂಬಿದೆ. ನಂಬಲಾಗದ ದಿನಗಳೂ ಇರುತ್ತವೆ. ಅಂಥ ದಿನ ಮತ್ತೆ ಕೇಳುತ್ತೇನೆ.